ಗುಜರಿಗೆ ಹಾಕುವ ಮುನ್ನ: ಹಳೆಯ ಬ್ಯಾಟರಿ ಮತ್ತು ಲೋಹಗಳನ್ನು ಸರಿಯಾಗಿ ತೂಗುವ ಬಗೆ

ಹಳೆಯ ಬ್ಯಾಟರಿ, ತಾಮ್ರದ ವಯರು, ಅಲ್ಯೂಮಿನಿಯಂ ಚೌಕಟ್ಟು, ಹಿತ್ತಾಳೆಯ ನಲ್ಲಿ ಮುಂತಾದವನ್ನು ಗುಜರಿಗೆ ಒಯ್ಯುವವರಲ್ಲಿ ಅನೇಕರು ದರವನ್ನು ನಾಲ್ಕು ಕಡೆ ವಿಚಾರಿಸುತ್ತಾರೆ, ಆದರೆ ತೂಕವನ್ನು ಮಾತ್ರ ಅಂಗಡಿಯ ಯಂತ್ರ ತೋರಿಸಿದಂತೆ ಒಪ್ಪಿಕೊಳ್ಳುತ್ತಾರೆ. ಕೈಗೆ ಬರುವ ಹಣ ದರವನ್ನು ತೂಕದಿಂದ ಗುಣಿಸಿದ್ದು. ಆದ್ದರಿಂದ ತೂಕದಲ್ಲಿ ನೂರಕ್ಕೆ ಮೂರು ಭಾಗ ತಪ್ಪಿದರೆ ದರದಲ್ಲಿ ನೂರಕ್ಕೆ ಮೂರು ಬಿಟ್ಟುಕೊಟ್ಟಷ್ಟೇ ನಷ್ಟವಾಗುತ್ತದೆ. ಮನೆಯಲ್ಲಿ ಮೊದಲೇ ತೂಗಿಕೊಳ್ಳುವುದು ವ್ಯಾಪಾರಿಯ ಮೇಲಿನ ಅನುಮಾನದಿಂದ ಮಾಡುವ ಕೆಲಸವಲ್ಲ. ನಮ್ಮ ಬಳಿ ಇರುವ ಸರಕು ಎಷ್ಟು, ಮತ್ತು ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಎರಡು ಸಂಗತಿಗಳನ್ನು ತಿಳಿಯಲು ಮಾಡುವ ಕೆಲಸ. ಇವುಗಳಲ್ಲಿ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ‘42.6 ಕೆ.ಜಿ. ಇದೆ’ ಎಂಬ ಮಾತಿಗಿಂತ ‘42.6 ಕೆ.ಜಿ. ಇದೆ, ಹೆಚ್ಚುಕಡಿಮೆಯಾದರೆ 100 ಗ್ರಾಂ’ ಎಂಬ ಮಾತಿಗೆ ಹೆಚ್ಚು ಬಲವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ವಿವರಗಳೆಲ್ಲ ಆ ಎರಡನೆಯ ಮಾತನ್ನು ಧೈರ್ಯವಾಗಿ ಹೇಳಲು ಬೇಕಾದವು.

ಯಾವ ಯಂತ್ರದಲ್ಲಿ ತೂಗಬೇಕು

ಪ್ರತಿ ಡಿಜಿಟಲ್ ಯಂತ್ರಕ್ಕೂ ಎರಡು ಗುಣಗಳಿರುತ್ತವೆ: ಅದು ಹೊರಬಲ್ಲ ಗರಿಷ್ಠ ತೂಕ ಮತ್ತು ಅದರ ಅಂಕಿ ಒಂದು ಸಲಕ್ಕೆ ಏರುವ ಹೆಜ್ಜೆ. 100 ಗ್ರಾಂ ಹೆಜ್ಜೆಯ ಯಂತ್ರದಲ್ಲಿ 2 ಕೆ.ಜಿ. ಹಿತ್ತಾಳೆಯನ್ನು ತೂಗಿದರೆ, ಅಂಕಿಯನ್ನು ಹತ್ತಿರದ ಹೆಜ್ಜೆಗೆ ಸರಿಸುವುದರಿಂದಲೇ 50 ಗ್ರಾಂ, ಅಂದರೆ ನೂರಕ್ಕೆ ಎರಡೂವರೆ ಭಾಗ ಆಚೀಚೆಯಾಗಬಹುದು. ಅದೇ ಯಂತ್ರದಲ್ಲಿ 40 ಕೆ.ಜಿ. ಕಬ್ಬಿಣವನ್ನು ತೂಗಿದಾಗ ಆ 50 ಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಬೆಲೆಬಾಳುವ ಮತ್ತು ಕಡಿಮೆ ಪ್ರಮಾಣದಲ್ಲಿರುವ ತಾಮ್ರ, ಹಿತ್ತಾಳೆಗಳಿಗೆ ಸಣ್ಣ ಹೆಜ್ಜೆಯ ಅಡುಗೆಮನೆಯ ಯಂತ್ರವನ್ನೂ, ಬ್ಯಾಟರಿ, ಕಬ್ಬಿಣಗಳಿಗೆ ವೇದಿಕೆಯಿರುವ ದೊಡ್ಡ ಯಂತ್ರವನ್ನೂ ಬಳಸುವುದು ಒಳ್ಳೆಯದು. ಹೆಜ್ಜೆ ಸಣ್ಣದಿದ್ದ ಮಾತ್ರಕ್ಕೆ ಯಂತ್ರ ನಿಖರವೆಂದು ತಿಳಿಯಬಾರದು. 5 ಗ್ರಾಂ ಹೆಜ್ಜೆ ತೋರಿಸುವ ಯಂತ್ರವೂ ಒಟ್ಟಾರೆ 200 ಗ್ರಾಂ ತಪ್ಪು ಹೇಳಬಹುದು.

ದೇಹದ ತೂಕ ನೋಡುವ ಯಂತ್ರ ಬೇರೇನೂ ಇಲ್ಲದಾಗ ಕೆಲಸಕ್ಕೆ ಬರುತ್ತದೆ, ಆದರೆ ಅದರ ಎರಡು ಸ್ವಭಾವಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಹಗುರ ವಸ್ತುವನ್ನು ಇಟ್ಟರೆ ಅದು ಎಚ್ಚರಗೊಳ್ಳದೆ ಇರಬಹುದು ಅಥವಾ ಬಹಳ ಒರಟಾದ ಅಂಕಿಯನ್ನು ತೋರಿಸಬಹುದು. ಎರಡನೆಯದಾಗಿ, ಇಂಥ ಅನೇಕ ಯಂತ್ರಗಳು ಹೊಸ ತೂಕ ಹಿಂದಿನದಕ್ಕೆ ಹತ್ತಿರವಿದ್ದರೆ ಮತ್ತೆ ಅಳೆಯದೆ ಹಿಂದಿನ ಅಂಕಿಯನ್ನೇ ತೋರಿಸುತ್ತವೆ. ಒಂದೇ ಡಬ್ಬವನ್ನು ಮೂರು ಸಲ ತೂಗಿ ಮೂರು ಸಲವೂ ಒಂದೇ ಅಂಕಿ ಬಂತೆಂದು ನೆಮ್ಮದಿ ಪಡುವ ಮೊದಲು, ನಡುನಡುವೆ ಬಹಳ ಬೇರೆಯಾದ ಇನ್ನೊಂದು ತೂಕವನ್ನು ಇಟ್ಟು ಆ ನೆನಪನ್ನು ಅಳಿಸಬೇಕು. ವಸ್ತುವನ್ನು ಎತ್ತಿಕೊಂಡು ನಿಂತು, ಬಂದ ಅಂಕಿಯಿಂದ ನಮ್ಮ ತೂಕವನ್ನು ಕಳೆಯುವ ಪದ್ಧತಿಯಲ್ಲಿ ಎರಡು ಅಳತೆಗಳ ತಪ್ಪೂ ಒಂದೇ ಉತ್ತರದೊಳಗೆ ಸೇರಿಕೊಳ್ಳುತ್ತದೆ. ಬ್ಯಾಟರಿಯನ್ನಂತೂ ಎದೆಗವಚಿಕೊಂಡು ತೂಗಲೇಬಾರದು. ಸೋರಿದ ಆಸಿಡ್ ಬಟ್ಟೆಯನ್ನೂ ಚರ್ಮವನ್ನೂ ಸುಡುತ್ತದೆ.

ತೂಗುಹಾಕುವ ಕೊಕ್ಕೆ ತಕ್ಕಡಿಗಳು ಮೂಟೆಗಳಿಗೆ ಅನುಕೂಲ. ಮೂಟೆ ಓಲಾಡುವುದು ನಿಂತ ಮೇಲೆಯೇ ಅಂಕಿಯನ್ನು ಓದಬೇಕು. ಹಗ್ಗ, ಕೊಕ್ಕೆ, ಚೀಲ ಇವುಗಳ ತೂಕವನ್ನು ಮೊದಲೇ ಬರೆದುಕೊಂಡು ಕಳೆಯಬೇಕು.

ದಂಡದ ತಕ್ಕಡಿ ಇರುವವರು ಒಂದು ಹಳೆಯ ಉಪಾಯವನ್ನು ತಿಳಿದಿರುವುದು ಲೇಸು. ದಂಡದ ಎರಡು ತೋಳುಗಳು ಕೂದಲೆಳೆಯಷ್ಟು ಉದ್ದಗಿಡ್ಡವಿದ್ದರೂ ತೂಕ ತಪ್ಪುತ್ತದೆ. ವಸ್ತುವನ್ನು ಎಡತಟ್ಟೆಯಲ್ಲಿಟ್ಟು ಒಮ್ಮೆ, ಬಲತಟ್ಟೆಯಲ್ಲಿಟ್ಟು ಒಮ್ಮೆ ತೂಗಿ ಸರಾಸರಿ ತೆಗೆದರೆ ಆ ತಪ್ಪು ಬಹುಮಟ್ಟಿಗೆ ಕಳೆದುಹೋಗುತ್ತದೆ: 10.0 ಮತ್ತು 10.2 ಬಂದರೆ ನಿಜವಾದ ತೂಕ 10.1 ಕೆ.ಜಿ. ಇನ್ನೂ ಚೊಕ್ಕಟವಾದ ಕ್ರಮವೊಂದು 18ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬೋರ್ಡಾ ಅವರ ಹೆಸರಿನಲ್ಲಿದೆ. ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಮರಳು ಸುರಿದು ಮುಳ್ಳನ್ನು ಸಮ ಮಾಡಿ, ಮರಳನ್ನು ಹಾಗೆಯೇ ಬಿಟ್ಟು, ವಸ್ತುವನ್ನು ತೆಗೆದು ಅದೇ ಜಾಗದಲ್ಲಿ ತೂಕದ ಬಟ್ಟುಗಳನ್ನಿಟ್ಟು ಮತ್ತೆ ಸಮ ಮಾಡಬೇಕು. ಆಗ ತೋಳುಗಳು ಹೇಗೇ ಇರಲಿ, ಬಟ್ಟುಗಳ ಮೊತ್ತವೇ ವಸ್ತುವಿನ ತೂಕ.

ಯಂತ್ರವನ್ನೇ ಮೊದಲು ತೂಗಿ ನೋಡುವುದು

ಯಂತ್ರವನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲಿಡಬೇಕು. ಚಾಪೆ, ಕಂಬಳಿ, ಅಲುಗಾಡುವ ಹಲಗೆ ಇವುಗಳ ಮೇಲಿಟ್ಟರೆ ಭಾರದ ಒಂದಂಶ ಯಂತ್ರದ ಕಾಲುಗಳಿಗೆ ಬದಲಾಗಿ ತಳಕ್ಕೆ ಹೋಗಿ ತೂಕ ಕಡಿಮೆ ಕಾಣಬಹುದು. ನೀರಿನ ಗುಳ್ಳೆಯ ಮಟ್ಟಸೂಚಕವಿದ್ದರೆ ಗುಳ್ಳೆಯನ್ನು ನಡುವಿಗೆ ತಂದುಕೊಳ್ಳಬೇಕು. ಯಂತ್ರದೊಳಗಿನ ಸೆಲ್ ಕ್ಷೀಣಿಸಿದ್ದರೆ ಬದಲಿಸಬೇಕು. ಗಾಳಿಗೆ ಒಡ್ಡಿದ ಜಾಗದಲ್ಲಿ, ತಿರುಗುವ ಫ್ಯಾನಿನ ಕೆಳಗೆ ಸಣ್ಣ ತೂಕಗಳನ್ನು ಅಳೆಯಬಾರದು.

ಇನ್ನು ಪರೀಕ್ಷೆ. ಗುರುತು ಮುದ್ರೆಯಿರುವ ತೂಕದ ಬಟ್ಟು ಒಂದೆರಡು ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ದೊಡ್ಡ ಬಟ್ಟುಗಳು ಸಿಗದಿದ್ದರೆ ನೀರಿನಿಂದ ಮಾಡಿಕೊಳ್ಳಬಹುದು. ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 998 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 996 ಗ್ರಾಂ ತೂಗುತ್ತದೆ ಎಂಬುದು ನಿಜವಾದರೂ, ಕ್ಯಾನಿನ ಮೇಲೆ ಬರೆದಿರುವ ಲೀಟರಿನ ಲೆಕ್ಕವನ್ನು ನೆಚ್ಚಿಕೊಳ್ಳಬಾರದು, ಏಕೆಂದರೆ ತುಂಬಿದ ಮಟ್ಟ ಒಂದೊಂದರಲ್ಲಿ ಒಂದೊಂದು ರೀತಿಯಿರುತ್ತದೆ. ಅದರ ಬದಲು ಅಡುಗೆಮನೆಯ ಯಂತ್ರವನ್ನು ನಂಬಲರ್ಹ ಬಟ್ಟಿನಿಂದ ಪರೀಕ್ಷಿಸಿಕೊಂಡು, ಮುಚ್ಚಳ ಬಿಗಿದ ಎರಡು ಲೀಟರಿನ ಹನ್ನೆರಡು ನೀರಿನ ಬಾಟಲಿಗಳನ್ನು ಒಂದೊಂದಾಗಿ ಅದರಲ್ಲಿ ತೂಗಿ, ಪ್ರತಿಯೊಂದರ ಮೇಲೂ ತೂಕವನ್ನು ಬರೆಯಬೇಕು. ಅವುಗಳನ್ನು ಒಂದು ಬುಟ್ಟಿಯಲ್ಲಿಟ್ಟು, ಬುಟ್ಟಿಯ ತೂಕವನ್ನೂ ಸೇರಿಸಿದರೆ, ದೊಡ್ಡ ಯಂತ್ರಕ್ಕೆ ಬೇಕಾದ 24 ಕೆ.ಜಿ. ಆಸುಪಾಸಿನ ನಂಬಲರ್ಹ ತೂಕ ಸಿದ್ಧವಾಗುತ್ತದೆ.

ಹಾಗೆ ಸಿದ್ಧವಾದ ತೂಕ 24.31 ಕೆ.ಜಿ. ಎಂದಿಟ್ಟುಕೊಳ್ಳೋಣ. ದೊಡ್ಡ ಯಂತ್ರ 24.50 ತೋರಿಸಿದರೆ, 24.31ನ್ನು 24.50ರಿಂದ ಭಾಗಿಸಿದಾಗ 0.9922 ಬರುತ್ತದೆ. ಆ ಯಂತ್ರದಲ್ಲಿ ಸರಕು 61.40 ಎಂದು ಕಂಡರೆ ಅದರ ನಿಜವಾದ ತೂಕ 61.40ನ್ನು 0.9922ರಿಂದ ಗುಣಿಸಿದ್ದು, ಅಂದರೆ ಸುಮಾರು 60.92 ಕೆ.ಜಿ. ಈ ಲೆಕ್ಕವನ್ನು ನೆಚ್ಚುವ ಮೊದಲು ಆರು ಬಾಟಲಿಗಳಿಂದ ಒಮ್ಮೆ, ಹನ್ನೆರಡರಿಂದ ಒಮ್ಮೆ ನೋಡಬೇಕು. ತಪ್ಪು ತೂಕದ ಜೊತೆಗೆ ಏರುತ್ತಿದ್ದರೆ ಗುಣಿಸುವ ಕ್ರಮ ಸರಿ. ಎಷ್ಟೇ ಇಟ್ಟರೂ ಒಂದೇ ಗಾತ್ರದ ತಪ್ಪು ಬರುತ್ತಿದ್ದರೆ ಸೊನ್ನೆಯೇ ಸರಿದಿದೆ ಎಂದರ್ಥ, ಆಗ ಅಷ್ಟನ್ನು ಕಳೆದರೆ ಸಾಕು. ಬಳಿಕ ಅದೇ ಭಾರವನ್ನು ವೇದಿಕೆಯ ನಾಲ್ಕು ಮೂಲೆಗಳಿಗೂ ಸರಿಸಿ ನೋಡಬೇಕು. ಮೂಲೆಯಿಂದ ಮೂಲೆಗೆ ಅಂಕಿ ಬದಲಾಗುವ ಯಂತ್ರದಲ್ಲಿ ಸರಕನ್ನು ಯಾವಾಗಲೂ ನಟ್ಟನಡುವೆಯೇ ಇಡುವ ಶಿಸ್ತು ಬೇಕು. ಕೊನೆಯದಾಗಿ, ಒಂದೇ ಭಾರವನ್ನು ಐದು ಸಲ ಇಳಿಸಿ ಏರಿಸಿ ಬಂದ ಅಂಕಿಗಳ ನಡುವಿನ ಅಂತರವನ್ನು ನೋಡಿದರೆ, ಆ ಯಂತ್ರದ ಮಾತಿಗೆ ಎಷ್ಟು ಗ್ರಾಂ ಆಚೀಚೆ ಬಿಡಬೇಕೆಂಬುದು ತಿಳಿಯುತ್ತದೆ.

ತೂಗುವುದಕ್ಕಿಂತ ಮೊದಲು ವಿಂಗಡಣೆ

ಬೆರಕೆಯ ಮೂಟೆಯನ್ನು ಎಷ್ಟೇ ನಿಖರವಾಗಿ ತೂಗಿದರೂ ಪ್ರಯೋಜನ ಕಡಿಮೆ, ಏಕೆಂದರೆ ಅದಕ್ಕೆ ಕೊಡುವ ದರ ಸಾಮಾನ್ಯವಾಗಿ ಅದರೊಳಗಿನ ಅಗ್ಗದ ಲೋಹದ ದರಕ್ಕೆ ಹತ್ತಿರವಿರುತ್ತದೆ. ಮೊದಲ ಸಾಧನ ಅಯಸ್ಕಾಂತ. ಕಬ್ಬಿಣ ಮತ್ತು ಸಾಮಾನ್ಯ ಉಕ್ಕು ಅದಕ್ಕೆ ಗಟ್ಟಿಯಾಗಿ ಅಂಟುತ್ತವೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಸೀಸ, ಸತು ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡೂ ಬಗೆಯಿದೆ: ಪಾತ್ರೆ, ಸಿಂಕುಗಳಲ್ಲಿ ಬಳಕೆಯಾಗುವ 304 ಎಂಬ ಬಗೆ ಅಂಟುವುದಿಲ್ಲ ಅಥವಾ ಬಡಿದು ಬಾಗಿಸಿದ ಕಡೆ ಮಾತ್ರ ಸ್ವಲ್ಪ ಅಂಟುತ್ತದೆ, 430 ಎಂಬ ಬಗೆ ಚೆನ್ನಾಗಿಯೇ ಅಂಟುತ್ತದೆ. ತಾಮ್ರದ ಬಣ್ಣವಿದ್ದು ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರದ ಲೇಪವಿರುವ ಉಕ್ಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವಯರನ್ನು ಅಯಸ್ಕಾಂತ ಪತ್ತೆಹಚ್ಚಲಾರದು. ತುದಿಯನ್ನು ಕತ್ತರಿಸಿದಾಗ ಒಳಗೆ ಕಾಣುವ ಬೆಳ್ಳಿಬಣ್ಣವೇ ಅದರ ಗುರುತು.

ನಂತರ ಅಂಟಿಕೊಂಡಿರುವುದನ್ನು ಬಿಡಿಸಬೇಕು. ಅಲ್ಯೂಮಿನಿಯಂ ಚೌಕಟ್ಟಿನ ಕಬ್ಬಿಣದ ತಿರುಪು, ಹಿತ್ತಾಳೆಯ ನಲ್ಲಿಯ ಪ್ಲಾಸ್ಟಿಕ್ ಹಿಡಿ, ಪೈಪಿನ ತುದಿಯ ಬೆಸುಗೆ ಇವುಗಳಿಂದ ಸರಕಿನ ದರ್ಜೆ ಇಳಿಯುತ್ತದೆ. ಮಣ್ಣು, ಎಣ್ಣೆ, ನೀರು ಇದ್ದರೆ ವ್ಯಾಪಾರಿ ಅಂದಾಜಿನ ಮೇಲೆ ತೂಕ ಕಡಿಯುತ್ತಾನೆ, ಆ ಅಂದಾಜು ನಮ್ಮ ಪರವಾಗಿರುವುದು ಅಪರೂಪ. ನಾನೊಮ್ಮೆ ಮಳೆಯಲ್ಲಿ ಬಿದ್ದಿದ್ದ ತಾಮ್ರದ ಪೈಪುಗಳನ್ನು ತೂಗಿ ಬರೆದಿಟ್ಟಿದ್ದೆ. ಅಂಗಡಿಯಲ್ಲಿ ಒಂದು ಕಿಲೋದಷ್ಟು ಕಡಿಮೆ ಬಂದಾಗ ಮನಸ್ಸಿಗೆ ಬಹಳ ಬೇಸರವಾಗಿತ್ತು. ಬಾಗಿದ ಪೈಪುಗಳೊಳಗೆ ನಿಂತಿದ್ದ ನೀರು ಗಾಡಿಯಲ್ಲಿ ಸುರಿದುಹೋಗಿದೆ ಎಂಬುದು ಒದ್ದೆಯಾದ ಗೋಣಿಚೀಲವನ್ನು ನೋಡಿದ ಮೇಲೆ ಹೊಳೆಯಿತು. ಅಂದಿನಿಂದ ಪೈಪುಗಳನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ ಒಣಗಿಸದೆ ತೂಗಿಲ್ಲ.

ಹೊದಿಕೆಯಿರುವ ವಯರಿನಲ್ಲಿ ತಾಮ್ರವೆಷ್ಟು ಎಂಬುದನ್ನು ಮಾದರಿಯಿಂದ ತಿಳಿಯಬಹುದು. ಒಂದೇ ಬಗೆಯ ವಯರಿನಿಂದ ಒಂದು ಮೀಟರ್ ಕತ್ತರಿಸಿ, ತೂಗಿ, ಹೊದಿಕೆ ಸುಲಿದು ಮತ್ತೆ ತೂಗಬೇಕು. 100 ಗ್ರಾಂ ವಯರಿನಲ್ಲಿ 62 ಗ್ರಾಂ ತಾಮ್ರ ಸಿಕ್ಕರೆ, 30 ಕೆ.ಜಿ.ಯ ಕಟ್ಟಿನಲ್ಲಿ ಸುಮಾರು 18.6 ಕೆ.ಜಿ. ತಾಮ್ರವಿದೆ. ಸುಲಿದು ಮಾರುವುದು ಲಾಭವೋ, ಹೊದಿಕೆಯೊಡನೆ ಮಾರುವುದು ಲಾಭವೋ ಎಂಬುದನ್ನು ಈ ಒಂದು ಅಂಕಿಯೇ ಹೇಳುತ್ತದೆ. ಹೊದಿಕೆಯನ್ನು ಸುಟ್ಟು ತೆಗೆಯುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳಂಥ ವಿಷಗಳು ಹೊರಬರುತ್ತವೆ. ಸುಟ್ಟ ತಾಮ್ರ ಕಪ್ಪಾಗಿ ಅದರ ದರ್ಜೆಯೂ ಇಳಿಯುತ್ತದೆ.

ಬ್ಯಾಟರಿಗಳು

ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯಲ್ಲಿ ಒಟ್ಟು ತೂಕದ ಅರ್ಧಕ್ಕೂ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳಿರುತ್ತವೆ. ಉಳಿದದ್ದು ಗಂಧಕಾಮ್ಲದ ದ್ರಾವಣ, ಪಾಲಿಪ್ರೊಪಿಲೀನ್ ಪೆಟ್ಟಿಗೆ ಮತ್ತು ಒಳಗಿನ ತೆಳು ಪರದೆಗಳು. ಪೂರ್ತಿ ಚಾರ್ಜ್ ಆದ ಕಾರಿನ ಬ್ಯಾಟರಿಯಲ್ಲಿ ದ್ರಾವಣದ ಸಾಂದ್ರತೆ ಸುಮಾರು 1.27, ಅಂದರೆ ಒಂದು ಲೀಟರ್ 1.27 ಕೆ.ಜಿ. ತೂಗುತ್ತದೆ. ದ್ರಾವಣ ಇರುವ ಬ್ಯಾಟರಿ ಮತ್ತು ಬರಿದಾದ ಬ್ಯಾಟರಿ ಎರಡು ಬೇರೆ ಸರಕುಗಳು, ಅವುಗಳ ದರವೂ ಬೇರೆ. ಆದ್ದರಿಂದ ದರ ಕೇಳುವಾಗ ದ್ರಾವಣ ಒಳಗಿರುವ ಬ್ಯಾಟರಿಯ ದರವೋ ಅಲ್ಲವೋ ಎಂದು ಸ್ಪಷ್ಟಪಡಿಸಿಕೊಂಡು, ತೂಕದ ಪಟ್ಟಿಯಲ್ಲೂ ಅದನ್ನು ಬರೆಯಬೇಕು. ಹೆಚ್ಚಿನ ದರದ ಆಸೆಗೆ ಆಸಿಡ್ಡನ್ನು ಮನೆಯಲ್ಲಿ ಸುರಿದುಬಿಡುವುದು ಅಪಾಯ ಮಾತ್ರವಲ್ಲ, ಅನ್ಯಾಯ. ಅದರಲ್ಲಿ ಕರಗಿರುವ ಸೀಸ ಮಣ್ಣಿಗೂ ಬಾವಿಗೂ ಸೇರುತ್ತದೆ, ಮತ್ತು ಸೀಸದ ವಿಷ ಎಲ್ಲರಿಗಿಂತ ಹೆಚ್ಚಾಗಿ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಒಣಗಿದ ಬ್ಯಾಟರಿಗೆ ನೀರು ತುಂಬಿ ತೂಕ ಏರಿಸುವುದನ್ನೂ ಅದೇ ಸಾಲಿಗೆ ಸೇರಿಸುತ್ತೇನೆ.

ಚಾರ್ಜ್ ಇಳಿದ ಬ್ಯಾಟರಿ ಹಗುರವಾಗುತ್ತದೆ ಎಂಬ ನಂಬಿಕೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಚಾರ್ಜ್ ಇಳಿಯುವಾಗ ದ್ರಾವಣದಲ್ಲಿದ್ದ ಸಲ್ಫೇಟ್ ಫಲಕಗಳಿಗೆ ಹೋಗಿ ಸೇರುತ್ತದೆಯೇ ಹೊರತು ಪೆಟ್ಟಿಗೆಯಿಂದಾಚೆ ಹೋಗುವುದಿಲ್ಲ. ನೀರು ಆವಿಯಾದಾಗ ಅಥವಾ ದ್ರಾವಣ ಸೋರಿದಾಗ ಮಾತ್ರ ತೂಕ ನಿಜವಾಗಿ ಇಳಿಯುತ್ತದೆ. ಹಾಗಾಗಿ ಕಾರಿನ ಒಂದೇ ಮಾದರಿಯ ಎರಡು ಬ್ಯಾಟರಿಗಳ ನಡುವೆ ಎರಡು ಕಿಲೋ ವ್ಯತ್ಯಾಸ ಕಂಡರೆ ಹಗುರವಾದದ್ದನ್ನು ಸೋರಿಕೆಗಾಗಿ ಪರೀಕ್ಷಿಸಬೇಕು. ಅಂದಾಜಿಗೆ ಹೇಳುವುದಾದರೆ, 12 ವೋಲ್ಟಿನ ಕಾರಿನ ಬ್ಯಾಟರಿಗಳು ಸಾಮಾನ್ಯವಾಗಿ 10ರಿಂದ 20 ಕೆ.ಜಿ.ಯವರೆಗೂ, ಸಣ್ಣ ಯುಪಿಎಸ್‌ಗಳಲ್ಲಿರುವ 12 ವೋಲ್ಟ್ 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ 2ರಿಂದ 2.5 ಕೆ.ಜಿ.ಯವರೆಗೂ ತೂಗುತ್ತವೆ.

ತೂಗುವಾಗ ಕೈಗವಸು ಮತ್ತು ಕಣ್ಣಿನ ರಕ್ಷಣೆ ಕಡ್ಡಾಯ. ಯಂತ್ರದ ತಟ್ಟೆ ಲೋಹದ್ದಾಗಿದ್ದರೆ ಬ್ಯಾಟರಿಯ ಎರಡೂ ತುದಿಗಳು ಅದಕ್ಕೆ ತಾಗಿ ಕಿಡಿ ಹಾರುವ ಸಂಭವವಿರುವುದರಿಂದ, ಅಂಚಿರುವ ಗಟ್ಟಿ ಪ್ಲಾಸ್ಟಿಕ್ ತಟ್ಟೆಯೊಂದನ್ನು ಮೊದಲು ಇಟ್ಟು, ಅದರ ತೂಕವನ್ನು ಬರೆದುಕೊಂಡು ಅಥವಾ ಯಂತ್ರವನ್ನು ಸೊನ್ನೆ ಮಾಡಿ, ಆ ಮೇಲೆ ಬ್ಯಾಟರಿಯನ್ನು ನೆಟ್ಟಗೆ ಇಡಬೇಕು. ಸೋರಿದ ಹನಿಗಳು ಆ ತಟ್ಟೆಯಲ್ಲೇ ನಿಲ್ಲುವುದರಿಂದ ಯಂತ್ರವೂ ಉಳಿಯುತ್ತದೆ. ಹತ್ತಿರ ಅಡುಗೆ ಸೋಡಾ ಇರಲಿ. ಚೆಲ್ಲಿದ ಆಸಿಡ್ ಮೇಲೆ ಸುರಿದರೆ ನೊರೆ ನಿಲ್ಲುವವರೆಗೂ ಅದು ಆಮ್ಲವನ್ನು ತಣಿಸುತ್ತದೆ. ಚರ್ಮಕ್ಕೆ ತಾಗಿದರೆ ಧಾರಾಳವಾದ ನೀರಿನಿಂದಲೇ ತೊಳೆಯಬೇಕು.

ಮೊಬೈಲು, ಲ್ಯಾಪ್‌ಟಾಪುಗಳ ಲಿಥಿಯಂ ಬ್ಯಾಟರಿಗಳನ್ನು ಇವುಗಳೊಡನೆ ಎಂದೂ ಬೆರೆಸಬಾರದು. ಸೀಸದ ರಾಶಿಯೊಳಗೆ ಸೇರಿದ ಒಂದು ಲಿಥಿಯಂ ಬ್ಯಾಟರಿ ಒಡೆಯುವ ಯಂತ್ರಕ್ಕೆ ಸಿಕ್ಕಿದಾಗ ಬೆಂಕಿ ಹೊತ್ತಿಕೊಳ್ಳುತ್ತದೆ, ಅಲ್ಲಿ ದುಡಿಯುವವರ ಜೀವಕ್ಕೆ ಕುತ್ತು ಬರುತ್ತದೆ. ತುದಿಗಳಿಗೆ ಟೇಪು ಸುತ್ತಿ, ಬೇರೆ ಪೆಟ್ಟಿಗೆಯಲ್ಲಿಟ್ಟು, ಬೇರೆಯಾಗಿಯೇ ತೂಗಬೇಕು. ಉಬ್ಬಿದ ಅಥವಾ ಜಜ್ಜಿದ ಲಿಥಿಯಂ ಬ್ಯಾಟರಿಯನ್ನು ತೂಗುವ ಗೋಜಿಗೇ ಹೋಗದೆ, ಅಂಥವನ್ನು ಸ್ವೀಕರಿಸುವ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ತೂಗುವ ಮತ್ತು ಬರೆದಿಡುವ ಕ್ರಮ

ಪ್ರತಿ ಲೋಹಕ್ಕೂ ಒಂದು ಡಬ್ಬ ಅಥವಾ ಡ್ರಮ್ಮನ್ನು ಗೊತ್ತುಮಾಡಿ, ಅದರ ಬರಿಯ ತೂಕವನ್ನು ಅದರ ಮೇಲೆಯೇ ಅಳಿಸದ ಶಾಯಿಯಲ್ಲಿ ಬರೆಯುವುದು ಅರ್ಧ ಕೆಲಸ ಮುಗಿಸಿದಂತೆ. ಚೂರುಗಳನ್ನು ಯಂತ್ರದ ಮೇಲಿಟ್ಟ ಡಬ್ಬಕ್ಕೆ ಒಂದೊಂದಾಗಿ ಹಾಕುತ್ತಾ ಹೋಗಬಾರದು. ಅನೇಕ ಡಿಜಿಟಲ್ ಯಂತ್ರಗಳು ಸೊನ್ನೆಯ ಬಳಿ ಆಗುವ ಬಹಳ ಸಣ್ಣ ಬದಲಾವಣೆಯನ್ನು ತಮ್ಮದೇ ಏರುಪೇರೆಂದು ಭಾವಿಸಿ ಮತ್ತೆ ಸೊನ್ನೆಗೆ ತಂದುಕೊಳ್ಳುತ್ತವೆ, ಹೀಗಾಗಿ ನಿಧಾನವಾಗಿ ಹಾಕಿದ ಮೊದಲ ಚೂರುಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಡಬ್ಬವನ್ನು ಬದಿಯಲ್ಲಿ ತುಂಬಿ ಒಮ್ಮೆಗೇ ಯಂತ್ರದ ಮೇಲಿಡಬೇಕು. ಒಟ್ಟು ತೂಕ, ಡಬ್ಬದ ತೂಕ, ನಿವ್ವಳ ತೂಕ, ದಿನಾಂಕ ಇವನ್ನು ಒಂದೇ ಸಾಲಿನಲ್ಲಿ ಬರೆದು, ಅಂಕಿ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಬೇಕು. ಯಂತ್ರದ ಗುಂಡಿ ಪೌಂಡಿಗೆ ಸರಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದು ಪೌಂಡ್ 0.4536 ಕೆ.ಜಿ. ಮಾತ್ರ.

ಬಂದ ಅಂಕಿಯನ್ನು ಲೆಕ್ಕದಿಂದ ತಾಳೆ ನೋಡುವ ಅಭ್ಯಾಸವೂ ಇರಲಿ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ, ಕಬ್ಬಿಣ 7.87, ತಾಮ್ರ 8.96, ಸೀಸ 11.34 ಗ್ರಾಂ ತೂಗುತ್ತದೆ. ಉಕ್ಕಿನ ದುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಸಿಗುತ್ತದೆ: 12 ಮಿ.ಮೀ. ಸರಳು ಮೀಟರಿಗೆ 0.89 ಕೆ.ಜಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಮೀಟರಿಗೆ ಸುಮಾರು 9 ಗ್ರಾಂ.

ಅಂಗಡಿಯ ಯಂತ್ರದ ಮುಂದೆ

ವ್ಯಾಪಾರಕ್ಕೆ ಬಳಸುವ ತೂಕದ ಯಂತ್ರಗಳ ಬಗ್ಗೆ ಅನೇಕ ದೇಶಗಳ ನಿಯಮಗಳಿಗೆ ಆಧಾರವಾಗಿರುವುದು ಕಾನೂನು ಮಾಪನದ ಅಂತರರಾಷ್ಟ್ರೀಯ ಸಂಸ್ಥೆಯ ಆರ್-76 ಎಂಬ ಶಿಫಾರಸು. ಅದರಲ್ಲಿ ಮೂರನೆಯ ವರ್ಗಕ್ಕೆ ಸೇರಿದ, ಅಂದರೆ ಸಾಮಾನ್ಯ ವ್ಯಾಪಾರದ ಯಂತ್ರದ ಹೆಜ್ಜೆ 50 ಗ್ರಾಂ ಆಗಿದ್ದರೆ, 25ರಿಂದ 100 ಕೆ.ಜಿ.ವರೆಗಿನ ತೂಕಕ್ಕೆ ಮುದ್ರೆಯೊತ್ತುವ ಸಮಯದಲ್ಲಿ 50 ಗ್ರಾಂ, ಬಳಕೆಯಲ್ಲಿರುವಾಗ 100 ಗ್ರಾಂ ತಪ್ಪಿಗೆ ಅವಕಾಶವಿದೆ. ನಮ್ಮ 60 ಕೆ.ಜಿ.ಗೂ ಅವರ 60 ಕೆ.ಜಿ.ಗೂ ನೂರು ಗ್ರಾಂ ಅಂತರ ಬಂದರೆ ಅದು ಜಗಳದ ವಿಷಯವಲ್ಲ. ಒಂದೂವರೆ ಕಿಲೋ ಅಂತರ ಬಂದರೆ ಖಂಡಿತ ಕೇಳಬೇಕಾದ ವಿಷಯ.

ಅದೇ ಶಿಫಾರಸಿನ ಪ್ರಕಾರ ಈ ವರ್ಗದ ಯಂತ್ರದಲ್ಲಿ ಅದರ ಹೆಜ್ಜೆಯ 20 ಪಟ್ಟಿಗಿಂತ ಕಡಿಮೆ ತೂಗುವುದು ಸೂಕ್ತವಲ್ಲ. ಗಾಡಿಗಳನ್ನು ತೂಗುವ ವೇಬ್ರಿಡ್ಜಿನ ಹೆಜ್ಜೆ 20 ಕೆ.ಜಿ. ಇದ್ದರೆ ಆ ಮಿತಿ 400 ಕೆ.ಜಿ. ಗಾಡಿ ಭಾರವಾಗಿರುವುದರಿಂದ ಮಿತಿ ದಾಟಿದಂತೆ ಕಂಡರೂ, ತುಂಬಿದ ಗಾಡಿ ಮತ್ತು ಬರಿಗಾಡಿ ಎರಡರ ಅಂಕಿಗಳಲ್ಲೂ ಸೇರಿಕೊಳ್ಳುವ ತಪ್ಪು ಸರಕಿನ ನಿವ್ವಳ ತೂಕದ ಮೇಲೆಯೇ ಬೀಳುತ್ತದೆ. 60 ಕೆ.ಜಿ. ತಾಮ್ರವನ್ನು ಹಾಗೆ ತೂಗಿದರೆ 40 ಎಂದೂ ಬರಬಹುದು, 80 ಎಂದೂ ಬರಬಹುದು. ಆದ್ದರಿಂದ ಬೆಲೆಬಾಳುವ ಲೋಹವನ್ನು ಇಳಿಸಿ ಸಣ್ಣ ಯಂತ್ರದಲ್ಲೇ ತೂಗಬೇಕೆಂದು ಕೇಳಲು ಸಂಕೋಚ ಬೇಡ. ವೇಬ್ರಿಡ್ಜನ್ನು ಬಳಸಲೇಬೇಕಾದಾಗ ಎರಡೂ ಸಲ ಚಾಲಕ ಒಳಗಿರಬೇಕು ಅಥವಾ ಎರಡೂ ಸಲ ಹೊರಗಿರಬೇಕು, ನಡುವೆ ಇಂಧನ ತುಂಬಿಸಬಾರದು.

ಸರಕು ಇಡುವ ಮೊದಲು ಅಂಕಿ ಸೊನ್ನೆಯಲ್ಲಿದೆಯೇ, ತಪಾಸಣೆಯ ಮುದ್ರೆ ಇದೆಯೇ, ತಟ್ಟೆಗೆ ಗೋಡೆಯಾಗಲಿ ಬೇರೆ ಮೂಟೆಯಾಗಲಿ ತಾಗಿದೆಯೇ ಎಂದು ನೋಡಬೇಕು. ನಾನು 5 ಕೆ.ಜಿ.ಯ ಒಂದು ಬಟ್ಟನ್ನು ಜೊತೆಯಲ್ಲೇ ಒಯ್ಯುತ್ತೇನೆ. ಒಮ್ಮೆ ಇಟ್ಟು ನೋಡಲು ವಿನಯದಿಂದ ಕೇಳಿದರೆ ಪ್ರಾಮಾಣಿಕ ವ್ಯಾಪಾರಿಗಳು ಬೇಡವೆನ್ನುವುದಿಲ್ಲ. ಅಂಕಿಗಳು ತೀರ ಬೇರೆ ಬಂದಾಗ ಸರಕನ್ನು ಎರಡು ಪಾಲು ಮಾಡಿ ತೂಗಿಸಿ, ಎರಡರ ಮೊತ್ತ ಮೊದಲಿನ ಅಂಕಿಗೆ ಸರಿಹೊಂದುತ್ತದೆಯೇ ಎಂದು ನೋಡಬೇಕು. ಸರಿಹೊಂದದಿದ್ದರೆ ಸೊನ್ನೆ ಸರಿದಿರುವುದೋ ತಟ್ಟೆ ತಾಗುತ್ತಿರುವುದೋ ಕಾರಣವಿರಬಹುದು. ಸರಿಹೊಂದಿಯೂ ಅಂತರ ಉಳಿದರೆ ಎರಡು ಯಂತ್ರಗಳಲ್ಲಿ ಒಂದರ ಅಳತೆಯೇ ತಪ್ಪಿದೆ, ಅದು ಯಾವುದೆಂಬುದನ್ನು ಆ 5 ಕೆ.ಜಿ.ಯ ಬಟ್ಟನ್ನು ಮನೆಯ ಯಂತ್ರದ ಮೇಲೂ ಅಂಗಡಿಯ ಯಂತ್ರದ ಮೇಲೂ ಇಟ್ಟು ತಿಳಿಯಬಹುದು.